ನೂರಕ್ಕೊಂದರ ಅಳತೆ

ವಿಶಾಖಪಟ್ಟಣಕ್ಕೆ ಹೋಗುವವರು ಸಿಂಹಾಚಲದ ಸ್ವಾಮಿಯ ದರ್ಶನಕ್ಕೆಂದು ಹೋಗುತ್ತಾರೆ, ಇಲ್ಲವೇ ಅರಕು ಕಣಿವೆಯ ತಂಪಿಗೆಂದು ಹೋಗುತ್ತಾರೆ. ನಾವು ಹೋದದ್ದು ಒಂದು ಪೈಪಿನ ತುಂಡಿನ ದೆಸೆಯಿಂದ.

ಹೈದರಾಬಾದಿನ ನಮ್ಮ ಮನೆಯಲ್ಲಿ ಬಚ್ಚಲು ರಿಪೇರಿಗೆ ಬಂದ ಪ್ಲಂಬರ್ ಮಹಾಶಯ ಒಂದು ಗಜಕ್ಕೂ ತುಸು ಉದ್ದದ ಪ್ಲಾಸ್ಟಿಕ್ ಪೈಪನ್ನು ಮೂಲೆಯಲ್ಲಿ ಬಿಟ್ಟು ಹೋಗಿದ್ದ. ಅದನ್ನು ಗುಜರಿಗೆ ಹಾಕಬೇಕೆಂದು ಎತ್ತಿಟ್ಟಿದ್ದೆವು. ಮಗ ಅದರ ಅಡ್ಡಗಲ ಅಳೆದು ಓಡಿಬಂದ. "ಅಪ್ಪ, ಎಪ್ಪತ್ತೈದು ಮಿಲಿಮೀಟರು! ಕುರ್ಸುರಾದ ಅಗಲ ಏಳೂವರೆ ಮೀಟರು. ನೂರಕ್ಕೊಂದರ ಅಳತೆಗೆ ಸರಿಯಾಗಿ ಬಂತು!" ಕುರ್ಸುರಾ ಎಂದರೆ ನಮ್ಮ ನೌಕಾಪಡೆಯಲ್ಲಿದ್ದ ಒಂದು ಜಲಾಂತರ್ಗಾಮಿ. ಉದ್ದ 91.3 ಮೀಟರು, ನೂರರಿಂದ ಭಾಗಿಸಿದರೆ ತೊಂಬತ್ತೊಂದು ಸೆಂಟಿಮೀಟರು. ಬಚ್ಚಲಿಗೆ ಬಂದ ಪೈಪು ಅಂದಿನಿಂದ ನಡುಮನೆಯ ಮೇಜಿನ ಮೇಲೆ ಮಲಗಿತು.

ಈ ಗೀಳು ಅವನಿಗೆ ಹತ್ತಿದ್ದು ಹತ್ತು ವರ್ಷದವನಿದ್ದಾಗ. ಅಂಕೋಲೆಯ ನಮ್ಮ ಊರಿಗೆ ರಜೆಗೆ ಹೋದವರು ಕಾರವಾರದ ಕಡಲತೀರದಲ್ಲಿ ದಡಕ್ಕೆ ತಂದು ನಿಲ್ಲಿಸಿರುವ 'ಚಪಲ್' ಎಂಬ ಕ್ಷಿಪಣಿ ನೌಕೆಯನ್ನು ತೋರಿಸಿದೆವು. ಮನೆಗೆ ಬಂದವನೇ ರಟ್ಟಿನಲ್ಲಿ ಅದನ್ನು ಮಾಡಿದ. ಆಮೇಲೆ ಹುಟ್ಟುಹಬ್ಬಕ್ಕೊಂದು ಡಬ್ಬಿ, ಪಾಸಾದದ್ದಕ್ಕೊಂದು ಡಬ್ಬಿ. ಡಬ್ಬಿಯೊಳಗೆ ಚೌಕಟ್ಟಿಗೆ ಅಂಟಿಕೊಂಡ ಪ್ಲಾಸ್ಟಿಕ್ ತುಂಡುಗಳು. ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ವಿಮಾನ. ಒಂದು ಬೇಸಿಗೆಯಲ್ಲಿ ಪುಣೆಯ ನೆಂಟರೊಡನೆ ಅಹಮದನಗರದ ಟ್ಯಾಂಕು ಸಂಗ್ರಹಾಲಯವನ್ನು ನೋಡಿ ಬಂದ ಮೇಲೆ ಟ್ಯಾಂಕುಗಳ ಸರದಿಯೂ ಆಯಿತು. ಊದುಬತ್ತಿಯ ಕಡ್ಡಿ, ಇಂಜೆಕ್ಷನ್ ಸೂಜಿ, ಹಳೆಯ ಪೌಡರ್ ಡಬ್ಬಿಯ ತಗಡು, ಇವು ಯಾವುವೂ ನಮ್ಮ ಮನೆಯಲ್ಲಿ ಕಸವೆನಿಸಿಕೊಂಡಿದ್ದಿಲ್ಲ.

ಇದು ಮಕ್ಕಳಾಟ ಎಂದು ನಾವೂ ಬಹಳ ಕಾಲ ತಿಳಿದಿದ್ದೆವು. ಅಳತೆಯ ವಿಷಯ ಕೆದಕಿದ ಮೇಲೆ ಆ ಅಭಿಪ್ರಾಯ ಉಳಿಯಲಿಲ್ಲ. ವಿಮಾನಗಳ ಮಾದರಿಗೆ ಎಪ್ಪತ್ತೆರಡಕ್ಕೊಂದು ಎಂಬುದು ಹಳೆಯ ಅಳತೆ. ಆರು ಅಡಿಗೆ ಒಂದು ಅಂಗುಲ, ಅಂದರೆ ಆರಡಿಯ ಆಳು ಒಂದು ಅಂಗುಲವಾಗುತ್ತಾನೆ. 1942ರಲ್ಲಿ, ಮಹಾಯುದ್ಧದ ನಡುವೆ, ಅಮೆರಿಕದ ನೌಕಾಪಡೆ ಅಲ್ಲಿನ ಶಾಲಾ ವಿದ್ಯಾರ್ಥಿಗಳನ್ನು ಇದೇ ಅಳತೆಯಲ್ಲಿ 5 ಲಕ್ಷ ವಿಮಾನಗಳನ್ನು ಮರದಲ್ಲಿ ಕೆತ್ತಿಕೊಡಿರೆಂದು ಕೇಳಿತು. ಆಕಾಶದಲ್ಲಿ ಕಾಣುವ ವಿಮಾನ ತಮ್ಮದೋ ಶತ್ರುವಿನದೋ ಎಂದು ಸೈನಿಕರು ಆಕಾರದಿಂದಲೇ ಗುರುತಿಸಲು ಕಲಿಯಬೇಕಾಗಿತ್ತು. ಟ್ಯಾಂಕುಗಳ ಮೂವತ್ತೈದಕ್ಕೊಂದರ ಕಥೆ ಬೇರೆ. 1960ರ ದಶಕದ ಮೊದಲಲ್ಲಿ ಜಪಾನಿನ ಶಿಜುವೋಕಾ ನಗರದ ತಾಮಿಯಾ ಕಂಪನಿಯವರು ಒಂದು ಜರ್ಮನ್ ಟ್ಯಾಂಕಿನ ಮಾದರಿಯೊಳಗೆ ಮೋಟಾರು, ಬ್ಯಾಟರಿ ಕೂರಿಸಬೇಕೆಂದು ಹೊರಟರು. ಅವು ಹಿಡಿಯುವಷ್ಟು ದೊಡ್ಡದು ಮಾಡಿ ಆಮೇಲೆ ಲೆಕ್ಕ ಹಾಕಿದರೆ ಸುಮಾರು ಮೂವತ್ತೈದಕ್ಕೊಂದು ಬಂತಂತೆ! ಮುಂದೆ ಜಗತ್ತೆಲ್ಲ ಅದನ್ನೇ ಹಿಡಿಯಿತು. ಅದೇ ಕಂಪನಿ ಒಂದು ಪೋರ್ಷೆ ಕಾರಿನ ಮಾದರಿ ಮಾಡುವುದಕ್ಕಾಗಿ ನಿಜವಾದ ಕಾರನ್ನೇ ಕೊಂಡು ಬಿಚ್ಚಿ ನೋಡಿತು. ಚಿತ್ರ ನೋಡಿ ಮಾಡಿದ್ದು ಚಿತ್ರದಂತೆಯೇ ಇರುತ್ತದೆ. ವಸ್ತುವಿನಂತೆ ಆಗಬೇಕಾದರೆ ವಸ್ತುವಿನ ಹತ್ತಿರ ಹೋಗಬೇಕು.

ನಮ್ಮ ಪೈಪೂ ಅಲ್ಲಿಗೇ ಬಂದು ನಿಂತಿತ್ತು. ಮೂತಿಯನ್ನು ಮರದಲ್ಲಿ ಕೆತ್ತಿ ಎಂ-ಸೀಲ್ ಮೆತ್ತಿ ಉಜ್ಜಿಯಾಗಿತ್ತು. ಮುಂದಕ್ಕೆ ಹೋಗಬೇಕಾದರೆ ಕುರ್ಸುರಾವನ್ನು ಕಣ್ಣಾರೆ ಕಾಣಬೇಕೆಂದು ಮಗ ಹಟ ಹಿಡಿದ. ಅದು ಇರುವುದು ವಿಶಾಖಪಟ್ಟಣದ ಕಡಲ ದಂಡೆಯ ಮೇಲೆ.

ಇಷ್ಟೇ ಆಗಿದ್ದರೆ ಮಗನನ್ನು ಮಾತ್ರ ಕರೆದುಕೊಂಡು ಹೋಗಿ ಬರುತ್ತಿದ್ದೆವು. ನಿಜ ಸಂಗತಿ ಬೇರೆ ಇತ್ತು. ಮಗನಿಗೆ ಹದಿನೇಳು ತುಂಬಿದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಕೂರುತ್ತೇನೆ, ನೌಕಾಪಡೆಗೆ ಸೇರುತ್ತೇನೆ, ಆಮೇಲೆ ಜಲಾಂತರ್ಗಾಮಿಗೇ ಹೋಗುತ್ತೇನೆ ಎಂದು ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಮನೆಯಾಕೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು. 2013ರ ಆಗಸ್ಟಿನಲ್ಲಿ ಮುಂಬಯಿಯ ನೌಕಾಂಗಣದಲ್ಲಿ 'ಸಿಂಧುರಕ್ಷಕ್' ಸ್ಫೋಟಗೊಂಡು 18 ಜನ ಒಳಗೇ ಸತ್ತದ್ದನ್ನು ಆಕೆ ಮರೆತಿರಲಿಲ್ಲ. ಹುಡುಗ ಅಡ್ಡ ಮಾತಾಡಲಿಲ್ಲ. ಆದರೆ ಅರ್ಜಿಯನ್ನೂ ತುಂಬಲಿಲ್ಲ. ತಾಯಿಯ ಮಾತಿಗೆ ಕಾಯುತ್ತ ಪೈಪನ್ನು ಉಜ್ಜುತ್ತ ಕುಳಿತ. ಆ ಡಬ್ಬಿಗಳನ್ನೆಲ್ಲ ತಂದುಕೊಟ್ಟವರು ಯಾರು ಎಂದು ಆಕೆ ನಮ್ಮನ್ನು ಕೇಳಬಹುದಾಗಿತ್ತು. ಕೇಳಲಿಲ್ಲ. ನಾವು ಯಾರ ಪಕ್ಷ ಎಂದು ವಾಚಕರು ಕೇಳಿದರೆ, ಅಳತೆ ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಳ್ಳುವವರ ಪಕ್ಷ ಎನ್ನಬೇಕು, ಅಷ್ಟೆ.

"ನಾನೂ ಬರುತ್ತೇನೆ. ಅದರೊಳಗೆ ಏನಿದೆ ನೋಡಬೇಕು" ಎಂದು ಆಕೆಯೇ ಹೇಳಿದಾಗ ಮೂರು ಟಿಕೆಟು ತೆಗೆದೆವು.

ಗೋದಾವರಿ ಎಕ್ಸ್‌ಪ್ರೆಸ್ ಸಂಜೆ ಹೊರಟು ಮರುದಿನ ಬೆಳಗಾಗುವ ಹೊತ್ತಿಗೆ ವಿಶಾಖಪಟ್ಟಣ ಸೇರುತ್ತದೆ. ರಾಜಮಹೇಂದ್ರವರದ ಬಳಿ ನಡುರಾತ್ರಿ ಸೇತುವೆಯ ಸದ್ದು ಬದಲಾದಾಗ ಆಕೆ ಎದ್ದು ಕುಳಿತು ಕಿಟಕಿಯಿಂದ ನದಿಗೆ ಒಂದು ನಾಣ್ಯ ಹಾಕಿದಳು. ಏನು ಬೇಡಿಕೊಂಡಳೋ ನಾವು ಕೇಳಲಿಲ್ಲ.

ವಿಶಾಖಪಟ್ಟಣದ ಚೆಲುವೆಲ್ಲ ಅದರ ಕಡಲ ರಸ್ತೆಯಲ್ಲಿದೆ. ಒಂದು ಕಡೆ ಊರು, ಇನ್ನೊಂದು ಕಡೆ ಅಲೆ, ದಕ್ಷಿಣಕ್ಕೆ ನೀರಿಗೆ ಮೂಗು ಚಾಚಿದ ಡಾಲ್ಫಿನ್ಸ್ ನೋಸ್ ಗುಡ್ಡ. ರಾಮಕೃಷ್ಣ ಬೀಚಿನಲ್ಲಿ ಜೋಳದ ತೆನೆ ಸುಡುವವರ, ಐಸ್‌ಕ್ರೀಮ್ ಗಾಡಿಯವರ ಸಾಲು ದಾಟಿದರೆ ಎದುರಿಗೇ ಕಪ್ಪು ತಿಮಿಂಗಿಲದಂತೆ ಕುರ್ಸುರಾ. ಸೋವಿಯತ್ ದೇಶದಲ್ಲಿ ಕಟ್ಟಿ, 1969ರ ಡಿಸೆಂಬರ್ 18ರಂದು ನಮ್ಮ ನೌಕಾಪಡೆಗೆ ಸೇರಿದ್ದು ಇದು. 2001ರಲ್ಲಿ ನಿವೃತ್ತಿಯಾಗುವವರೆಗೆ 73,500 ನಾಟಿಕಲ್ ಮೈಲಿ ತಿರುಗಿತು. ಆಮೇಲೆ ಅದನ್ನು ದಡದ ಮೇಲಕ್ಕೆ ಎಳೆದು ತಂದು 2002ರ ಆಗಸ್ಟಿನಲ್ಲಿ ಸಂಗ್ರಹಾಲಯವಾಗಿ ತೆರೆದರು.

ಮಗ ಮೂತಿಯ ಎದುರು ನಿಂತು ಬಹಳ ಹೊತ್ತು ನೋಡಿದ. ಆಮೇಲೆ "ಎಲ್ಲಾ ತಪ್ಪು" ಎಂದ. ಅವನ ಪೈಪು ಸುತ್ತಲೂ ದುಂಡಗಿದೆ. ಇದಕ್ಕೆ ಮೇಲೆ ಉದ್ದಕ್ಕೂ ಜಗಲಿಯಂಥ ಚಪ್ಪಟೆ ಅಟ್ಟ. ಅವನು ಪಕ್ಕದಲ್ಲಿ ಗೆರೆಯೆಂದು ಬರೆದಿದ್ದದ್ದು ಗೆರೆಯಲ್ಲ, ಸಾಲು ಸಾಲು ತೂತು. "ಇಷ್ಟು ತೂತಿದ್ದರೆ ನೀರು ಬರುವುದಿಲ್ಲವೇನೋ?" ಎಂದು ತಾಯಿ ಗಾಬರಿಯಿಂದ ಕೇಳಿದಳು. "ಬರಲೇಬೇಕು ಆಯಿ" ಎಂದು ಅವನು ವಿವರಿಸಿದ. ಹೊರಗೆ ಕಾಣುವುದು ತೊಗಲು. ಜನ ಇರುವುದು ಅದರೊಳಗಿನ ಇನ್ನೊಂದು ಗಟ್ಟಿ ಉಕ್ಕಿನ ಒಡಲಲ್ಲಿ. ಎರಡರ ನಡುವಿನ ತೊಟ್ಟಿಗಳಿಗೆ ನೀರು ಬಿಟ್ಟರೆ ಹಡಗು ಮುಳುಗುತ್ತದೆ. ಒತ್ತಿದ ಗಾಳಿಯನ್ನು ನುಗ್ಗಿಸಿ ಆ ನೀರನ್ನು ಹೊರದೂಡಿದರೆ ಮೇಲೇಳುತ್ತದೆ. ಆಕೆ ತೂತುಗಳನ್ನು ಇನ್ನೊಮ್ಮೆ ನೋಡಿದಳು. ಸಮಾಧಾನವಾದಂತೆ ಕಾಣಲಿಲ್ಲ.

ನೋಡುಗರಿಗಾಗಿ ಹಡಗಿನ ಒಡಲಲ್ಲೇ ಬಾಗಿಲು ಕೊರೆದು ಮೆಟ್ಟಿಲು ಹಾಕಿದ್ದಾರೆ. ಒಂದು ತುದಿಯಲ್ಲಿ ಹತ್ತಿ ಇನ್ನೊಂದು ತುದಿಯಲ್ಲಿ ಇಳಿಯಬಹುದು. ನೌಕಾಪಡೆಯಿಂದ ನಿವೃತ್ತರಾದವರೇ ಒಳಗೆ ವಿವರಣೆ ಕೊಡುತ್ತಾರೆ. ನಮಗೆ ಸಿಕ್ಕವರು ಅರವತ್ತು ದಾಟಿದ, ಮೆಲುದನಿಯ ಹಿರಿಯರು. ತೆಲುಗು ಬೆರೆತ ಹಿಂದಿ ಮಾತಾಡುತ್ತಿದ್ದರು.

ಒಳಗಿನ ವರ್ಣನೆಯನ್ನು ಚೆನ್ನಾಗಿ ಬರೆಯುವ ಶಕ್ತಿ ನಮಗಿಲ್ಲ. ಮೇಜಿನ ಮೇಲಿನ ಪೈಪಿನಲ್ಲಿ ಕೈ ಹಾಕಿದರೆ ಕೈ ಸಲೀಸಾಗಿ ಆಡುತ್ತಿತ್ತು. ಏನು ವಿಶಾಲ ಎಂದುಕೊಂಡಿದ್ದೆವು. ಇಲ್ಲಿ ಎರಡು ಭುಜ ಒಟ್ಟಿಗೆ ಹೋಗುವುದಿಲ್ಲ. ತಲೆಯ ಮೇಲೆ, ಪಕ್ಕದಲ್ಲಿ, ಕಾಲ ಬುಡದಲ್ಲಿ ಕೊಳವೆ, ಚಕ್ರ, ಗಡಿಯಾರದಂಥ ಮಾಪಕಗಳು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಬಾಗಿಲಿಲ್ಲ, ದುಂಡನೆಯ ಕಂಡಿ. ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಉಳಿದದ್ದು. ಇಂಥ ಕೋಣೆಗಳು ಏಳು. "ಆಯಿ, ತಲೆ ಬಗ್ಗಿಸು" ಎಂದು ಹುಡುಗ ಹಿಂದೆ ನೋಡಿ ಹೇಳುತ್ತಲೇ ಇದ್ದ. ತಲೆ ಬಡಿದುಕೊಂಡದ್ದು ನಾವು.

ಮುಂಭಾಗದಲ್ಲಿ ಆರು, ಹಿಂಭಾಗದಲ್ಲಿ ನಾಲ್ಕು ಟಾರ್ಪೆಡೊ ಕೊಳವೆಗಳು. ಆ ಟಾರ್ಪೆಡೊಗಳ ಪಕ್ಕದಲ್ಲೇ ಮಲಗುವ ಹಲಗೆಗಳು. ಒಟ್ಟು 75 ಜನ. ಎಲ್ಲರಿಗೂ ಒಂದೊಂದು ಹಾಸಿಗೆ ಇಲ್ಲ. ಒಬ್ಬ ಪಹರೆಗೆ ಎದ್ದರೆ ಅವನ ಬಿಸಿ ಆರುವ ಮೊದಲೇ ಇನ್ನೊಬ್ಬ ಬಂದು ಮಲಗುತ್ತಿದ್ದ. ಸಿಹಿನೀರು ಕುಡಿಯುವುದಕ್ಕೆ, ಅಡಿಗೆಗೆ. ಸ್ನಾನದ ಮಾತೇ ಇಲ್ಲ. ಅಡಿಗೆಯ ಕೋಣೆ ನಮ್ಮ ದೇವರ ಗೂಡಿಗಿಂತ ತುಸು ದೊಡ್ಡದು. ಮನೆಯಾಕೆ ಅಲ್ಲಿ ನಿಂತುಬಿಟ್ಟಳು. "ಎಪ್ಪತ್ತೈದು ಜನಕ್ಕೆ ಇದರಲ್ಲಿ?" ಎಂದಳು. "ಮೂರು ಹೊತ್ತು, ಅಮ್ಮಾ" ಎಂದರು ಹಿರಿಯರು.

ಮಗ ಕಂಡಿಯ ಅಡ್ಡಗಲ ಅಳೆಯಲು ಅಪ್ಪಣೆ ಕೇಳಿದ. ಅವರು ನಕ್ಕು ತಾವೇ ಪಟ್ಟಿಯ ತುದಿ ಹಿಡಿದರು. ನಮ್ಮ ಕೆಲಸ ಹೋಯಿತು. ಅಳೆಯುತ್ತಲೇ ಹೇಳಿದ ಒಂದು ಮಾತು ಮಗನಿಗೆ ಬಹಳ ಹಿಡಿಸಿತು. 1975ರಲ್ಲಿ ಈ ಹಡಗನ್ನು ಓಡಿಸದೆ ನಿಲ್ಲಿಸಿದ್ದರಂತೆ. ಇದರ ಬಿಡಿಭಾಗಗಳನ್ನು ಬಿಚ್ಚಿ ಬೇರೆ ಜಲಾಂತರ್ಗಾಮಿಗಳಿಗೆ ಹಾಕಿದರು. 1980ರಲ್ಲಿ ದುರಸ್ತಿ ಹಿಡಿದು, 1982ರಲ್ಲಿ ಮತ್ತೆ ಸಮುದ್ರಕ್ಕೆ ಇಳಿಸಿದರು. "ನಾವೂ ಹಾಗೇ ಮಾಡೋದು! ಒಂದು ಡಬ್ಬಿಯದು ತೆಗೆದು ಇನ್ನೊಂದಕ್ಕೆ" ಎಂದ ಹುಡುಗ. ಆ ಹಿರಿಯರಿಗೂ ಅವನಿಗೂ ಅಲ್ಲಿಂದ ಮುಂದೆ ಸ್ನೇಹ.

ಆಗ ಮನೆಯಾಕೆ, ತನಗೆ ಬರುವ ಹಿಂದಿಯಲ್ಲಿ, ತಾನು ಬಂದ ಕೆಲಸದ ಪ್ರಶ್ನೆ ಕೇಳಿದಳು. "ನೀವು ಯಾವಾಗ ಬರುತ್ತೀರಿ ಎಂದು ಮನೆಯಲ್ಲಿ ಹೇಗೆ ತಿಳಿಯುತ್ತಿತ್ತು?"

ಅವರು ಸ್ವಲ್ಪ ಯೋಚಿಸಿದರು. ತಿಳಿಯುತ್ತಿರಲಿಲ್ಲ, ಎಂದರು. ಎಲ್ಲಿಗೆ, ಎಷ್ಟು ದಿನ ಎಂದು ಹೇಳುವಂತಿರಲಿಲ್ಲ. ಎಷ್ಟೋ ಸಲ ಅವರಿಗೇ ಗೊತ್ತಿರುತ್ತಿರಲಿಲ್ಲ. ಬಂದ ದಿನ ಬಾಗಿಲು ತಟ್ಟುವ ಮೊದಲೇ ಹೆಂಡತಿಗೆ ಡೀಸೆಲ್ ವಾಸನೆ ಬರುತ್ತಿತ್ತು. ಬಟ್ಟೆಯನ್ನು ಹಿತ್ತಿಲಲ್ಲೇ ಬಿಚ್ಚಿಸಿ, ಮೂರು ನೀರಿನಲ್ಲಿ ಒಗೆಯುತ್ತಿದ್ದಳು. "ಬೈಯುತ್ತಿದ್ದಳಮ್ಮಾ. ಆದರೆ ನಾನು ಕೆಲಸ ಬಿಟ್ಟು ಬಂದ ಮೇಲೆ ಒಂದು ದಿನ, ಆ ವಾಸನೆ ಮನೆಯಲ್ಲಿ ಎಲ್ಲೂ ಉಳಿದಿಲ್ಲ ನೋಡಿ, ಅಂದಳು."

ಜಲಾಂತರ್ಗಾಮಿಗೆ ಯಾರನ್ನೂ ಬಲವಂತದಿಂದ ಕಳಿಸುವುದಿಲ್ಲ, ತಾನೇ ಬರುತ್ತೇನೆ ಎಂದವನನ್ನೇ ಆರಿಸುತ್ತಾರೆ, ಅವರಿಗೆ ಕಲಿಸುವ 'ಸಾತವಾಹನ' ಶಾಲೆ ಇದೇ ಊರಿನಲ್ಲಿದೆ ಎಂಬುದನ್ನೂ ಅವರು ತಿಳಿಸಿದರು. ಆಕೆ ತಲೆಯಾಡಿಸಿದಳು.

ಹೊರಗೆ ಬಂದು ರಸ್ತೆ ದಾಟಿದರೆ ಇನ್ನೊಂದು ಸಂಗ್ರಹಾಲಯ. 29 ವರ್ಷ ಸಮುದ್ರದ ಮೇಲೆ ಕಾವಲು ಹಾರಾಡಿ 2017ರಲ್ಲಿ ನಿವೃತ್ತವಾದ ಟುಪೊಲೆವ್-142 ವಿಮಾನ ಅಲ್ಲಿ ನಿಂತಿದೆ. ಜಲಾಂತರ್ಗಾಮಿಗಳನ್ನು ಹುಡುಕಿ ಹಿಡಿಯುವುದೇ ಅದರ ಕಸುಬು. ಇಲಿಯ ಎದುರಿಗೇ ಬೆಕ್ಕಿಗೂ ಪಿಂಚಣಿ ಕೊಟ್ಟು ಕೂರಿಸಿದಂತಿದೆ. ನಾಲ್ಕು ಎಂಜಿನು, ಒಂದೊಂದಕ್ಕೂ ಹಿಂದೆ ಮುಂದೆ ಎರಡೆರಡು ಪಂಖ, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಎಪ್ಪತ್ತೆರಡಕ್ಕೊಂದರಲ್ಲಿ ಮಾಡಿದರೂ ಎಪ್ಪತ್ತು ಸೆಂಟಿಮೀಟರಿಗೆ ಕಡಿಮೆಯಾಗುವುದಿಲ್ಲವೆಂದು ಮಗ ಆಸೆಯಿಂದ ಲೆಕ್ಕ ಹಾಕಿದ. ಅದನ್ನು ಇಡುವುದೆಲ್ಲಿ ಎಂದು ನಾವು ಲೆಕ್ಕ ಹಾಕಿದೆವು.

ಸಂಜೆ ಮರಳಿನ ಮೇಲೆ ಕುಳಿತೆವು. ಅದೇ ರಸ್ತೆಯಲ್ಲಿ 1971ರ ಯುದ್ಧದ ಸ್ಮಾರಕವಿದೆ. ಆ ಡಿಸೆಂಬರಿನ ಆರಂಭದ ಒಂದು ರಾತ್ರಿ ಪಾಕಿಸ್ತಾನದ 'ಘಾಜಿ' ಜಲಾಂತರ್ಗಾಮಿ ಇದೇ ಬಂದರಿನ ಹೊರಗೆ ಮುಳುಗಿತು. ಹೇಗೆ ಮುಳುಗಿತೆಂಬುದಕ್ಕೆ ಎರಡು ದೇಶಗಳು ಎರಡು ಕಾರಣ ಹೇಳುತ್ತವೆ. ಒಳಗಿದ್ದ 90ಕ್ಕೂ ಹೆಚ್ಚು ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಹಡಗು ಇಂದಿಗೂ ನೀರಿನ ತಳದಲ್ಲಿದೆ. ಮಗ ಇದನ್ನು ಹೇಳುವಾಗ ನಾವು ಕಣ್ಣಿನಲ್ಲೇ ಬೇಡವೆಂದೆವು, ಅವನು ನೋಡಲಿಲ್ಲ. ಆಕೆ ಬಹಳ ಹೊತ್ತು ಕಡಲನ್ನೇ ನೋಡುತ್ತಿದ್ದು, "ಅವರ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ, ಎಲ್ಲಿಗೆ ಹೋದರು ಅಂತ" ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, "ನಿನ್ನ ಹಡಗಿನಲ್ಲಿ ಜನ ಎಲ್ಲಿ?" ಎಂದು ಮಗನನ್ನು ಕೇಳಿದಳು.

ಜನರನ್ನು ಅವನು ಯೋಚಿಸಿಯೇ ಇರಲಿಲ್ಲ. ವಿಮಾನದಲ್ಲಾದರೆ ಪೈಲಟನೊಬ್ಬ ಡಬ್ಬಿಯಲ್ಲೇ ಬಂದಿರುತ್ತಾನೆ. ನೂರಕ್ಕೊಂದರಲ್ಲಿ ಮನುಷ್ಯ ಒಂದು ಮುಕ್ಕಾಲು ಸೆಂಟಿಮೀಟರು ಕೂಡ ಇಲ್ಲ. ಪೈಪಿನೊಳಗೆ ಇಟ್ಟರೆ ಕಾಣುವುದೂ ಇಲ್ಲ ಎಂದ. "ಹಾಗಾದರೆ ಒಂದು ಬದಿ ಕತ್ತರಿಸು" ಎಂದಳು ಆಕೆ.

ಒಂದು ತಿಂಗಳು ಉಜ್ಜಿದ ಪೈಪು! ಹುಡುಗ ಮುಖ ಸಣ್ಣದು ಮಾಡಿಕೊಂಡ. ಆದರೂ ಹೈದರಾಬಾದಿಗೆ ಬಂದ ವಾರದಲ್ಲೇ ಗರಗಸ ತಂದು ಎಡ ಮಗ್ಗುಲನ್ನು ಉದ್ದಕ್ಕೂ ಕೊಯ್ದ. ತಗಡಿನ ಆರು ಅಡ್ಡಗೋಡೆ ನಿಲ್ಲಿಸಿ ಏಳು ಕೋಣೆ ಮಾಡಿ, ಅಳೆದು ತಂದ ಲೆಕ್ಕದಂತೆ ದುಂಡು ಕಂಡಿ ಕೊರೆದ. ಅರ್ಜಿಯ ಕೊನೆಯ ದಿನದ ಹಿಂದಿನ ರಾತ್ರಿ ಅವನು ಕಂಪ್ಯೂಟರಿನ ಮುಂದೆ ಕುಳಿತಾಗ ಆಕೆಯೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಹುಟ್ಟಿದ ಊರು ಎಂಬಲ್ಲಿ ಅಂಕೋಲಾ ಎಂಬುದರ ಸ್ಪೆಲಿಂಗನ್ನು ತಪ್ಪು ಮಾಡಿದ್ದ, ತಿದ್ದಿಸಿದಳು. ಬೇರೆ ಏನೂ ಹೇಳಲಿಲ್ಲ.

ಪರೀಕ್ಷೆ ಇನ್ನೂ ಆಗಬೇಕು. ಹಡಗಿಗೆ ಹಿಂದಿನ ಮೂರು ಪಂಖಗಳೂ ಬಾಕಿ ಇವೆ. ಬೆಂಕಿಕಡ್ಡಿಯ ಚೂರಿಗೆ ದಾರ ಸುತ್ತಿ ಜನರನ್ನು ಮಾಡುವ ಕೆಲಸವನ್ನು ಆಕೆ ತಾನೇ ವಹಿಸಿಕೊಂಡಿದ್ದಾಳೆ. ಎಪ್ಪತ್ತೈದರಲ್ಲಿ ಇಲ್ಲಿಯವರೆಗೆ ಇಪ್ಪತ್ತೆರಡು ಜನ ಆಗಿದ್ದಾರೆ. ನಿಂತವರಿಗಿಂತ ಮಲಗಿದವರನ್ನು ಮಾಡುವುದು ಸುಲಭವಂತೆ. ಅಡಿಗೆಯವನು ಮಾತ್ರ ಮೊದಲ ದಿನವೇ ತಯಾರಾದ.