ಉರಿಯುವ ಎರಡು ವಿಶೇಷಣಗಳು

ಪೆಟ್ರೋಲು ಹೊತ್ತ ಟ್ಯಾಂಕರುಗಳ ಬೆನ್ನಿನ ಮೇಲೆ ಕೆಲವೆಡೆ ‘ಇನ್‌ಫ್ಲೇಮಬಲ್’ ಎಂದೂ ಕೆಲವೆಡೆ ‘ಫ್ಲೇಮಬಲ್’ ಎಂದೂ ಬರೆದಿರುವುದನ್ನು ಕಂಡಾಗಲೆಲ್ಲ, ಒಂದು ಉರಿಯುವುದಾದರೆ ಇನ್ನೊಂದು ಉರಿಯದಿರಬೇಕಲ್ಲವೆ ಎಂಬ ಶಂಕೆ ನನ್ನನ್ನು ಪೀಡಿಸುತ್ತದೆ. ನಿಘಂಟು ನಿರ್ದಾಕ್ಷಿಣ್ಯವಾಗಿ ಹೇಳುತ್ತದೆ: ಎರಡೂ ಉರಿಯುತ್ತವೆ, ಸಮಸಮವಾಗಿ ಉರಿಯುತ್ತವೆ. ಹಿರಿಯ ಪದದ ಆದಿಯಲ್ಲಿರುವ ‘ಇನ್’ ನಿಷೇಧಾರ್ಥಕವಲ್ಲ. ಹೊತ್ತಿಸುವುದೆಂಬರ್ಥದ ಲ್ಯಾಟಿನ್ ಧಾತುವಿಗೆ ಮೊದಲಿನಿಂದಲೂ ಅಂಟಿಕೊಂಡು ಬಂದ ಉಪಸರ್ಗ. ನಾವಾದರೂ ಇದಕ್ಕೆ ಬೆರಗಾಗಬೇಕಾದುದಿಲ್ಲ. ‘ಅನುತ್ತಮ’ವೆಂದರೆ ಉತ್ತಮವಲ್ಲದ್ದೆಂದು ಬಗೆದು ಮುನಿಸಿಕೊಂಡ ವಿದ್ಯಾರ್ಥಿಗೆ, ಯಾವುದಕ್ಕಿಂತ ಉತ್ತಮವಾದುದು ಬೇರೊಂದಿಲ್ಲವೋ ಅದೇ ಅನುತ್ತಮವೆಂದು ನಮ್ಮ ಪಂಡಿತರು ಬಹುಕಾಲದಿಂದ ಸಮಾಧಾನ ಹೇಳುತ್ತ ಬಂದಿದ್ದಾರೆ.

ಆದರೆ ಅನುತ್ತಮವನ್ನು ತಪ್ಪಾಗಿ ತಿಳಿದವನ ಮನೆ ಸುಡುವುದಿಲ್ಲ.

ಈ ಭೇದವನ್ನು ಚೆನ್ನಾಗಿ ಬಲ್ಲವನೆಂದರೆ, 1919ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನ ಅಗ್ನಿವಿಮಾ ಕಂಪನಿಯನ್ನು ಸೇರಿ, 1941ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ದುಡಿದ ಬೆಂಜಮಿನ್ ಲೀ ವೋರ್ಫ್. ರಸಾಯನ ಎಂಜಿನಿಯರಿಂಗ್ ಓದಿ, ಉದ್ಯೋಗಕ್ಕೆ ಬೆಂಕಿಯ ಕಾರಣಗಳನ್ನೂ ವಿರಾಮಕ್ಕೆ ಹೋಪಿ ಜನರ ಭಾಷೆಯನ್ನೂ ಶೋಧಿಸುತ್ತಿದ್ದ ಈ ವಿಚಿತ್ರ ಪುರುಷನಿಗೆ, ಅನೇಕ ಅಗ್ನಿ ಅನಾಹುತಗಳ ಮೂಲದಲ್ಲಿ ತಂತಿ, ಕೊಳವೆಗಳೊಡನೆ ಒಂದೊಂದು ಶಬ್ದವೂ ಅಡಗಿರುವುದು ಗೋಚರವಾಯಿತು. ಪೆಟ್ರೋಲು ತುಂಬಿದ ಪೀಪಾಯಿಗಳ ಬಳಿ ಉಸಿರು ಬಿಗಿಹಿಡಿದು ನಡೆಯುತ್ತಿದ್ದ ಜನರೇ, ‘ಖಾಲಿ’ ಎನಿಸಿಕೊಂಡ ಪೀಪಾಯಿಗಳ ಬಳಿ ನಿಶ್ಚಿಂತೆಯಿಂದ ಸಿಗರೇಟು ಸೇದುತ್ತಿದ್ದರು. ಖಾಲಿ ಪೀಪಾಯಿಯಲ್ಲಿ ಉಳಿದ ಆವಿ ತುಂಬಿದ ಪೀಪಾಯಿಗಿಂತ ಭಯಂಕರವೆಂಬುದನ್ನು ‘ಖಾಲಿ’ ಎಂಬ ಸಾಧುಶಬ್ದವು ಅವರಿಗೆ ಮರೆಸಿತ್ತು. ಮತ್ತೊಂದು ಕಾರ್ಖಾನೆಯಲ್ಲಿ ಭಟ್ಟಿಪಾತ್ರೆಗಳಿಗೆ ಸುಣ್ಣಕಲ್ಲಿನಿಂದ ಮಾಡಿದ ಹೊದಿಕೆಯಿತ್ತು. ಕಲ್ಲು ಉರಿದೀತೆ? ಪಾತ್ರೆಗಳಿಂದೆದ್ದ ಆಮ್ಲದ ಹಬೆಯು ಸುಣ್ಣದೊಡನೆ ಬೆರೆತು, ಕಾವಿಗೆ ಅಸಿಟೋನನ್ನು ಬಿಡುವ ಲವಣವಾಗಿ ಮಾರ್ಪಟ್ಟಿತು. ಹೆಸರಿನಲ್ಲಿ ಕಲ್ಲೆಂದಿದ್ದ ಆ ಹೊದಿಕೆ, ಬೆಂಕಿ ತಗುಲಿದೊಡನೆ ಹೆಸರಿನ ಮರ್ಯಾದೆಯನ್ನೂ ನೋಡದೆ ಧಗಧಗನೆ ಉರಿಯಿತು.

ಇಂತಹ ಲೋಕದಲ್ಲಿ, ಅವಸರದ ಕಣ್ಣಿಗೆ ವಿಪರೀತಾರ್ಥವನ್ನು ಕೊಡಬಲ್ಲ ವಿಶೇಷಣವನ್ನು ವ್ಯುತ್ಪತ್ತಿಯ ಶುದ್ಧಿಗಾಗಿ ಉಳಿಸಿಕೊಳ್ಳುವುದು ಪಾಂಡಿತ್ಯವೇ ಸರಿ, ಆದರೆ ದಯೆಯಲ್ಲ. ಅಮೆರಿಕದ ಅಗ್ನಿರಕ್ಷಣಾ ಸಂಘವು 1920ರ ದಶಕದಲ್ಲಿಯೂ, ಬ್ರಿಟನ್ನಿನ ಮಾನಕ ಸಂಸ್ಥೆಯು 1959ರಲ್ಲಿಯೂ ‘ಫ್ಲೇಮಬಲ್’ನ ಪಕ್ಷವನ್ನು ವಹಿಸಿದುದನ್ನು ಕಂಡು ಹುಬ್ಬು ಗಂಟಿಕ್ಕುವ ಭಾಷಾಶುದ್ಧಿವಾದಿಗಳು, ಹಿರಿಯ ಪದವನ್ನು ಮುಂಗೋಪಿಗಳ ವರ್ಣನೆಗೆ ಧಾರಾಳವಾಗಿ ಬಳಸಿಕೊಳ್ಳಲಿ, ಪೀಪಾಯಿಯ ಮೇಲಂತೂ ಬೇಡ. ಬೀಡಿ ಹಚ್ಚುವವನು ಉಪಸರ್ಗವನ್ನು ಬಿಡಿಸಿ ನೋಡಿ ಹಚ್ಚುವುದಿಲ್ಲ.