ನಮ್ಮ ತಾಲ್ಲೂಕಿನ ಜ್ವರ

ಊರುಗಳಿಗೆ ಕೀರ್ತಿ ಬರುವ ದಾರಿಗಳು ಹಲವು. ಒಂದೂರಿಗೆ ದೇವರಿಂದ, ಇನ್ನೊಂದಕ್ಕೆ ಕವಿಯಿಂದ, ಮತ್ತೊಂದಕ್ಕೆ ಅಲ್ಲಿಯ ಬದನೆಕಾಯಿಂದಲೋ ಪೇಡೆಯಿಂದಲೋ ಹೆಸರು ಬರುವುದುಂಟು. ನಮ್ಮ ಸೊರಬ ತಾಲ್ಲೂಕಿಗೂ ಈ ಬಗೆಯ ಭಾಗ್ಯ ತಕ್ಕಮಟ್ಟಿಗೆ ಇದೆ. ಚಂದ್ರಗುತ್ತಿಯಲ್ಲಿ ರೇಣುಕಾಂಬೆ ಇದ್ದಾಳೆ. ಗಂಧದ ಕೊರಡಿನಲ್ಲಿ ಆನೆಯನ್ನೂ ಬಳ್ಳಿಯನ್ನೂ ಬಿಡಿಸುವ ಗುಡಿಗಾರರಿದ್ದಾರೆ. ಮಳೆಗಾಲ ಬಂತೆಂದರೆ ಗುಡವಿಯ ಕೆರೆಯ ಮರಗಳ ಮೇಲೆ ಕೆಂಬರಲುಗಳ ಸಂಸಾರ ಹೂಡುತ್ತದೆ. ಆದರೆ ಇವು ಯಾವುವೂ ಹೋಗಿ ಮುಟ್ಟದ ದೇಶಗಳಲ್ಲಿ, ವೈದ್ಯಕೀಯ ಪರೀಕ್ಷೆಗೆ ಕಣ್ಣುಜ್ಜಿಕೊಂಡು ಓದುವ ಹುಡುಗರು ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಆ ಹಳ್ಳಿ ಕ್ಯಾಸನೂರು. ಅವರು ಓದುವುದು ಕ್ಯಾಸನೂರು ಕಾಡಿನ ಕಾಯಿಲೆಯ ವಿಚಾರ.

ನಮ್ಮ ಜನ ಅದನ್ನು ಹಾಗೆ ಕರೆಯುವುದಿಲ್ಲ. ಮಂಗನ ಕಾಯಿಲೆ ಎನ್ನುತ್ತಾರೆ. ವಿಜ್ಞಾನಿಗಳು ಕಾಡಿನ ತಲೆಗೆ ಕಟ್ಟಿದರು, ನಾವು ಮಂಗನ ತಲೆಗೆ ಕಟ್ಟಿದೆವು. ಆದರೆ ಈ ಕಥೆಯಲ್ಲಿ ಮಂಗ ಅಪರಾಧಿಯಲ್ಲ. ಮೊದಲು ಸಾಯುವುದು ಅದು.

ಹೊಸಬಾಳೆಯಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಹುಡುಗನಾಗಿದ್ದಾಗ ಬೇಸಿಗೆ ರಜೆಯೆಲ್ಲ ಅಲ್ಲಿಯೇ ಕಳೆಯುತ್ತಿದ್ದೆ. ಅಲ್ಲಿ ವರ್ಷಕ್ಕೆ ಒಂದು ದೊಡ್ಡ ಕೆಲಸವೆಂದರೆ ದರಗು ಗುಡಿಸುವುದು. ಮಾಗಿ ಕಳೆಯುತ್ತಿದ್ದಂತೆ ಬೆಟ್ಟದಲ್ಲಿ ಎಲೆ ಉದುರುತ್ತದೆ. ಆ ಒಣಗಿದೆಲೆಯನ್ನು ಗುಡಿಸಿ, ಕಲ್ಲಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸಬೇಕು. ದನ ತುಳಿದ ದರಗು ಗೊಬ್ಬರವಾಗಬೇಕು. ಗೊಬ್ಬರ ತೋಟಕ್ಕೆ ಹೋಗಬೇಕು. ತೋಟದಿಂದ ಅಡಿಕೆ ಬರಬೇಕು. ಪೇಟೆಯವರು ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಅಡಿಕೆಯ ಹಿಂದೆ ಇಷ್ಟು ಎಲೆಯಿದೆ. ಆ ಎಲೆಯ ಕೆಳಗೆ ಉಣುಗು ಇದೆ.

ಉಣುಗನ್ನು ಕಾಣದ ಓದುಗರಿಗಾಗಿ ಒಂದು ಮಾತು. ದನದ ಕಿವಿಯಲ್ಲಿ ಹರಳುಬೀಜದಂತೆ ಊದಿಕೊಂಡು ಕುಳಿತಿರುತ್ತದಲ್ಲ, ಅದು ಹೊಟ್ಟೆತುಂಬ ಉಂಡ ಹಿರಿಯ ಉಣುಗು. ನಾನು ಹೇಳುತ್ತಿರುವುದು ಅದರ ಮರಿ, ಎಳ್ಳಿಗಿಂತ ಚಿಕ್ಕದು. ಕಚ್ಚಿದ್ದು ಗೊತ್ತಾಗುವುದಿಲ್ಲ. ಸಂಜೆ ಮೀಯುವಾಗ ಮಂಡಿಯ ಸಂದಿನಲ್ಲೋ ಸೊಂಟದಲ್ಲೋ ಕೈಗೆ ಸಿಕ್ಕರೆ ಸಿಕ್ಕಿತು. ರಜೆಯಲ್ಲಿ ನಾವು ಹುಡುಗರು ಎಣಿಸಿ ಪಂದ್ಯ ಕಟ್ಟುತ್ತಿದ್ದೆವು.

ಈಗ 1957ಕ್ಕೆ ಬರೋಣ. ಆ ವರ್ಷ ಮಾರ್ಚಿಯ ಸುಮಾರಿಗೆ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಪ್ಪು ಮೋರೆಯ ಮುಸುವವೂ ಸತ್ತಿತು, ಕೆಂಪು ಮೋರೆಯ ಮಂಗವೂ ಸತ್ತಿತು. ಹಿಂದೆಯೇ ಕಾಡಿಗೆ ಹೋಗಿ ಬಂದ ಜನ ಮಲಗಿದರು. ಇದ್ದಕ್ಕಿದ್ದಂತೆ ಉರಿಜ್ವರ, ಹಣೆ ಸಿಡಿಯುವ ನೋವು, ಮೈಕೈಯನ್ನು ಒನಕೆಯಲ್ಲಿ ಕುಟ್ಟಿದ ಹಾಗೆ, ಕಣ್ಣು ಕೆಂಡ. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ. ಮೊದಲು ಇದನ್ನು ವಿಷಮಶೀತಜ್ವರವೆಂದು ಬಗೆದರು. ಹಾಗೆ ಬಗೆದದ್ದರಲ್ಲಿ ಆಶ್ಚರ್ಯವೂ ಇಲ್ಲ. ಆದರೆ ಮಂಗ ಸತ್ತದ್ದಕ್ಕೂ ಮನುಷ್ಯ ಮಲಗಿದ್ದಕ್ಕೂ ಗಂಟುಹಾಕಿದವರು ಯಾರು? ಸೂಕ್ಷ್ಮದರ್ಶಕ ಇದ್ದವರಲ್ಲ, ದಿನವೂ ಕಾಡಿಗೆ ಹೋಗಿಬರುತ್ತಿದ್ದ ಊರವರು. ಅವರು ಇಟ್ಟ ಹೆಸರಿನಲ್ಲೇ ಆ ಗಂಟು ಇದೆ. ಸಂಶೋಧನೆಯ ಮೊದಲ ಪುಟ ಬರೆದವರು ಅವರೇ ಎಂದು ನಾನು ತಿಳಿದಿದ್ದೇನೆ.

ಸುದ್ದಿ ಪುಣೆಗೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಅಲ್ಲಿ ಒಂದು ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದಿದ್ದವು. ಮಂಗ ಸಾಯುತ್ತಿದೆ, ಹಿಂದೆಯೇ ಮನುಷ್ಯನಿಗೆ ಜ್ವರ ಬರುತ್ತಿದೆ ಎಂದೊಡನೆ ಆ ಪಂಡಿತರ ಎದೆ ಧಸಕ್ಕೆಂದಿರಬೇಕು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿಜ್ವರ ಬರುವುದು ಹೀಗೆಯೇ; ಮೊದಲು ಮಂಗಗಳ ಕೂಗು ನಿಲ್ಲುತ್ತದೆ, ಆಮೇಲೆ ಮನುಷ್ಯರ ಸರದಿ. ಏಷ್ಯಾ ಖಂಡದಲ್ಲಿ ಆ ಜ್ವರ ಎಂದೂ ನೆಲೆಯೂರಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮಲ್ಲಿ ಧಾರಾಳವಾಗಿದೆ.

ಕೇಂದ್ರದ ನಿರ್ದೇಶಕ ಟೆಲ್‌ಫೋರ್ಡ್ ವರ್ಕ್, ಅವರ ಜೊತೆಗಾರ ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಸೊರಬದ ಕಾಡಿಗೆ ಬಂದರು. ರೋಗಿಗಳ ರಕ್ತ, ಸತ್ತ ಮಂಗದ ಅಂಗಗಳು ಪುಣೆಗೆ ಹೋದವು. ಅಲ್ಲಿ ಅದನ್ನು ಇಲಿಮರಿಗಳಿಗೆ ಚುಚ್ಚಿದರು, ಮರಿಗಳು ಸತ್ತವು, ಅವುಗಳ ಮಿದುಳಿನಿಂದ ವೈರಸ್ಸನ್ನು ಬೇರ್ಪಡಿಸಿದರು. ನಂತರ ನಡೆದದ್ದು ನಮ್ಮ ಹಿರಿಯರು ಸಂಬಂಧ ಹುಡುಕುವ ಕ್ರಮದ್ದೇ. ಇದು ಯಾರ ಪೈಕಿ, ಯಾವ ಗೋತ್ರ ಎಂದು ಗೊತ್ತಿದ್ದ ವೈರಸ್ಸುಗಳ ಜೊತೆಗೆಲ್ಲ ತಾಳೆ ಹಾಕಿ ನೋಡಿದರು. ಹಳದಿಜ್ವರ ಅಲ್ಲವೆಂದಾಯಿತು. ಸಿಕ್ಕ ದಾಯಾದಿ ಮಾತ್ರ ಯಾರೂ ನೆನೆಸದವ. 1937ರಲ್ಲಿ ಸೋವಿಯತ್ ರಷ್ಯದ ಪೂರ್ವ ಕೊನೆಯ ಹಿಮಾರಣ್ಯಗಳಲ್ಲಿ ಕಂಡುಹಿಡಿದ ಮಿದುಳುಜ್ವರದ ವೈರಸ್ಸು ಅದು! ಉಣುಗಿನಿಂದ ಹರಡುವ ಜಾತಿ. ಆ ಹಿಮದ ಕಾಡೆತ್ತ, ಸೊರಬವೆತ್ತ? ಎತ್ತಣ ಮಾಮರ ಎತ್ತಣ ಕೋಗಿಲೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಹಾಗಾದರೆ ವಲಸೆಯ ಹಕ್ಕಿಗಳು ಮೈಗೆ ಅಂಟಿದ ಉಣುಗಿನೊಂದಿಗೆ ಅದನ್ನು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಈ ಶಂಕೆಯಿಂದ ನಮಗೆ ಲಾಭವೇ ಆಯಿತೆನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನಿಸರ್ಗ ಇತಿಹಾಸ ಸಂಘದವರು, ಸಲೀಂ ಅಲಿಯವರ ಮುಂದಾಳುತನದಲ್ಲಿ, 1959ರಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸವನ್ನು ಹೂಡಿದರು. ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ದೇಶ ತಿಳಿದುಕೊಂಡಿತು. ಹಕ್ಕಿಯ ಮೇಲಿನ ಆರೋಪ ಮಾತ್ರ ರುಜುವಾತಾಗಲಿಲ್ಲ. ವಿದೇಶೀ ಹಣದ ಈ ಹಕ್ಕಿ ಕೆಲಸದ ಹಿಂದೆ ಏನೋ ಇದೆಯೆಂಬ ಗುಲ್ಲು 1970ರ ದಶಕದಲ್ಲಿ ಪಾರ್ಲಿಮೆಂಟಿನವರೆಗೂ ಹೋಯಿತು. ಮಂಗದ ಮೇಲೆ ಒಂದು ಆರೋಪ, ಹಕ್ಕಿಯ ಮೇಲೆ ಒಂದು, ಅಮೆರಿಕದ ಮೇಲೆ ಒಂದು.

ನನಗೆ ಇವರೆಲ್ಲರಿಗಿಂತ ಹೆಚ್ಚು ಮೆಚ್ಚಿಗೆಯಾದವರು ಹೋರ್ಹೆ ಬೊಶೆಲ್ ಎಂಬ ಕೊಲಂಬಿಯದ ವೈದ್ಯರು. ತಮ್ಮ ದೇಶದ ಕಾಡಿನಲ್ಲಿ ಮರ ಕಡಿಯುವವರನ್ನು ನೋಡುತ್ತ ನಿಂತಿದ್ದಾಗ, ಮರ ಉರುಳಿದೊಡನೆ ಅದರ ತುದಿಯಲ್ಲಿದ್ದ ನೀಲಿ ಸೊಳ್ಳೆಗಳು ಮುತ್ತಿದ್ದನ್ನು ಕಂಡು, ಕಾಡಿನ ಹಳದಿಜ್ವರ ಮರ ಕಡಿಯುವವರಿಗೇ ಏಕೆ ಬರುತ್ತದೆಂಬ ಒಗಟನ್ನು ಬಿಡಿಸಿದವರು ಅವರು. ಅದೇ ಕಣ್ಣನ್ನು ತಂದು ನಮ್ಮ ಮಲೆನಾಡಿನಲ್ಲಿ ಇಟ್ಟರು. 1969ರಲ್ಲಿ ಅವರು ಬರೆದ ಲೇಖನದ ತಾತ್ಪರ್ಯ ಸರಳ. ವೈರಸ್ಸು ಕಾಡಿನ ಇಲಿ ಸುಂಡಿಲಿಗಳಲ್ಲೂ ಉಣುಗುಗಳಲ್ಲೂ ಸದ್ದಿಲ್ಲದೆ ಬಹುಕಾಲ ಬಾಳಿಕೊಂಡಿದ್ದೀತು. ನಾವು ಕಾಡನ್ನು ಅಲ್ಲಲ್ಲಿ ಕಡಿದೆವು, ಗದ್ದೆ ಮಾಡಿದೆವು, ಕಡಿದಲ್ಲಿ ಲಂಟಾನ ಬೆಳೆಯಿತು, ಅಲ್ಲಿ ದನ ಮೇಯಲು ಬಿಟ್ಟೆವು. ದನಕ್ಕೆ ಈ ರೋಗ ಬರುವುದಿಲ್ಲ. ಆದರೆ ಮಳೆಗಾಲದಲ್ಲಿ ಹಿರಿಯ ಉಣುಗಿಗೆ ಊಟ ಹಾಕುವುದು ದನವೇ. ಉಂಡ ಹೆಣ್ಣು ಕೆಳಗುದುರಿ ಎಲೆಯಡಿಯಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಮರಿ; ಮಾಗಿಯಿಂದ ಬೇಸಿಗೆಯವರೆಗೆ ಆ ಎಳ್ಳಿನ ಗಾತ್ರದ ಎರಡನೆಯ ಅವಸ್ಥೆ. ದರಗು ಗುಡಿಸುವ ಕಾಲವೂ ಅದೇ.

ಮಂಗ ಈ ಸಂಸಾರದ ನಡುವೆ ಸಿಕ್ಕಿಬಿದ್ದ ಪ್ರಾಣಿ. ಸೋಂಕಿದ ಮಂಗ ನೆಲಕ್ಕೆ ಬಿದ್ದು ಸಾಯುತ್ತದೆ. ದೇಹ ತಣ್ಣಗಾದೊಡನೆ ಅದರ ಮೈಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ಎಲೆಯಲ್ಲಿ ಮುಂದಿನ ಅತಿಥಿಗಾಗಿ ಕಾಯುತ್ತವೆ. ಆ ಅತಿಥಿ ಕಲ್ಲಿ ಹಿಡಿದು ಬರುವ ಹೆಂಗಸಾಗಿರಬಹುದು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ; ರೋಗಿಯ ಸೇವೆ ಮಾಡುವವರು ಅಂಜಬೇಕಾಗಿಲ್ಲ.

ಬೊಶೆಲ್ಲರ ಮಾತನ್ನು ಮುಂದೆ ಬೆಳ್ತಂಗಡಿ ತಾಲ್ಲೂಕು ನಿಜ ಮಾಡಿ ತೋರಿಸಿತು. ಅಲ್ಲಿ ಗೇರುತೋಟಕ್ಕೆಂದು ಕಾಡು ಕಡಿದ ಮೇಲೆ 1982ರ ಕೊನೆಯಿಂದ ಕಾಯಿಲೆ ಭುಗಿಲೆದ್ದಿತು. ಮುಂದೆ 2012ರಲ್ಲಿ ಬಂಡೀಪುರದಲ್ಲಿ ಕಂಡಿತು. ಆಮೇಲೆ ವಯನಾಡು, ಗೋವೆ, ಮಹಾರಾಷ್ಟ್ರದ ಸಿಂಧುದುರ್ಗ. ಸಾಗರ ತಾಲ್ಲೂಕಿನ ಅರಳಗೋಡಿನ ಜನ 2019ರ ಬೇಸಿಗೆಯನ್ನು ಇಂದಿಗೂ ಮರೆತಿಲ್ಲ.

ಅತ್ತೆಯ ಮೈದುನ ಒಮ್ಮೆ ಹೀಗೆ ಮಲಗಿದ್ದ. ಹನ್ನೆರಡು ದಿನದ ಜ್ವರ ಬಿಟ್ಟು, ಗಂಜಿ ಕುಡಿದು, ಜಗಲಿಗೆ ಬಂದು ಕುಳಿತ, ಮನೆಯವರೆಲ್ಲ ಗೆದ್ದೆವೆಂದುಕೊಂಡರು. ವಾರ ಕಳೆದ ಮೇಲೆ ಮತ್ತೆ ಜ್ವರ ಮರುಕಳಿಸಿತು. ಈ ಸಲ ಲೋಟ ಹಿಡಿದ ಕೈ ನಡುಗುತ್ತಿತ್ತು. ಕರೆದರೆ ಕಣ್ಣುಬಿಟ್ಟು ನೋಡುತ್ತಿದ್ದನೇ ಹೊರತು ಯಾರೆಂದು ಗುರುತು ಸಿಗುತ್ತಿರಲಿಲ್ಲ. ಕೆಲವರಲ್ಲಿ ಈ ಕಾಯಿಲೆ ಎರಡು ಕಂತಿನಲ್ಲಿ ಬರುತ್ತದೆ, ಎರಡನೆಯ ಕಂತು ಮಿದುಳಿಗೆ. ಅವನು ಉಳಿದ. ಆ ವರ್ಷದ ಕೊಯ್ಲಿಗೆ ಮಾತ್ರ ಏಣಿ ಹಿಡಿಯಲೂ ತ್ರಾಣವಿರಲಿಲ್ಲ. ಸೋಂಕಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲವೆಂದು ಪುಸ್ತಕಗಳು ಹೇಳುತ್ತವೆ. ಇದಕ್ಕೆಂದೇ ಮದ್ದು ಇಂದಿಗೂ ಇಲ್ಲ. ನೀರು ಕೊಡುವುದು, ಜ್ವರ ಇಳಿಸುವುದು, ರಕ್ತ ಬೇಕಾದರೆ ಏರಿಸುವುದು, ಕಾಯುವುದು. ನೋವಿಗೆಂದು ಆಸ್ಪಿರಿನ್ ನುಂಗಿಸಬಾರದು, ರಕ್ತಸ್ರಾವ ಹೆಚ್ಚೀತು.

ಮದ್ದಿಲ್ಲದ ರೋಗಕ್ಕೆ ಲಸಿಕೆಯೇ ಗತಿ. ರಷ್ಯದ ದಾಯಾದಿಗೆಂದು ಮಾಡಿದ್ದ ಲಸಿಕೆಯನ್ನು ಮೊದಲ ವರ್ಷಗಳಲ್ಲೇ ನಮ್ಮ ಜನರಿಗೆ ಚುಚ್ಚಿ ನೋಡಿದರು, ಫಲಿಸಲಿಲ್ಲ. ಬಳಿಕ ನಮ್ಮದೇ ವೈರಸ್ಸನ್ನು ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು, ಲಸಿಕೆ ಮಾಡಿದರು. 1990ರ ಸುಮಾರಿನಿಂದ ಅದನ್ನು ಊರೂರಿನಲ್ಲಿ ಹಾಕುತ್ತ ಬಂದರು. ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ. ನಾನಿರುವುದೂ ಅದೇ ದಿಕ್ಕಿನಲ್ಲಿ. ಬಳ್ಳಾರಿ ರಸ್ತೆಯಲ್ಲಿ ಬಸ್ಸು ನಿಂತಾಗಲೆಲ್ಲ ಅತ್ತೆಯ ತೋಳಿನ ಸೂಜಿ ಇಲ್ಲಿಂದ ಹೊರಟಿತೆಂದು ನೆನಪಾಗುತ್ತಿತ್ತು.

ಆ ಸೂಜಿ ಬಹಳ ನೋಯುತ್ತಿತ್ತು. ತಿಂಗಳಿಗೊಂದರಂತೆ ಎರಡು, ಆರೇಳು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷ ವರ್ಷವೂ ಒಂದು. ಕೂಲಿ ಬಿಟ್ಟು ಎಷ್ಟು ಸಲ ತೋಳು ಊದಿಸಿಕೊಂಡಾರು? ಒಂದು ಸಲ ಹಾಕಿಸಿಕೊಂಡವರು ಎರಡನೆಯದಕ್ಕೆ ತೋಟದ ಹಿಂದಿನಿಂದ ಹೋಗಿಬಿಡುತ್ತಿದ್ದರು. ಇಷ್ಟು ಮಾಡಿದರೂ ಲಸಿಕೆಯ ಬಲ ಕುಂದುತ್ತಿತ್ತು. 2005ರಿಂದ 2010ರವರೆಗಿನ ಲೆಕ್ಕ ತೆಗೆದು 2013ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಎರಡು ಚುಚ್ಚು ಹಾಕಿಸಿಕೊಂಡವರಿಗೆ ರಕ್ಷಣೆ ನೂರಕ್ಕೆ 62ರಷ್ಟು. ಮೂರನೆಯದನ್ನೂ ಹಾಕಿಸಿಕೊಂಡರೆ 83ರಷ್ಟು. ಕಡೆಗೆ 2022ರಲ್ಲಿ, ಸತ್ತ್ವ ಸಾಲದೆಂದು, ಅದನ್ನು ನಿಲ್ಲಿಸಿಬಿಟ್ಟರು. ಹೊಸ ಲಸಿಕೆಯ ಕೆಲಸವನ್ನು ಸಂಶೋಧನಾ ಮಂಡಲಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಎಂಬ ಸಂಸ್ಥೆಯೂ ಕೈಗೊಂಡಿವೆ.

ಈ ಮಧ್ಯೆ ಪ್ರಯೋಗಶಾಲೆಗಳು ಎಲ್ಲಿಂದ ಎಲ್ಲಿಗೋ ಹೋದವು. ಪುಣೆಯ ಹಳೆಯ ಕೇಂದ್ರದಲ್ಲಿ ಇದೇ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದ ಎಷ್ಟೋ ಜನರಿಗೆ ಸೋಂಕು ತಗಲಿತ್ತು. 2012ರಲ್ಲಿ ಅಲ್ಲಿ ಅತ್ಯಂತ ಬಿಗಿ ಕಾವಲಿನ ಪ್ರಯೋಗಶಾಲೆ ಬಂತು. ಒಳಗೆ ಹೋಗುವವರು ಗಾಳಿ ತುಂಬಿದ ಅಂಗಿ ತೊಟ್ಟು ಹೋಗಬೇಕು. ಇಲಿಮರಿ ಸಾಯುವವರೆಗೆ ಕಾದುಕೊಂಡಿರುತ್ತಿದ್ದ ಉತ್ತರ ಈಗ ಯಂತ್ರದಿಂದ ಒಂದು ದಿನದೊಳಗೆ ಸಿಗುತ್ತದೆ. ಈ ವೈರಸ್ಸಿನ ಇನ್ನೊಬ್ಬ ನಂಟ ಸೌದಿ ಅರೇಬಿಯದಲ್ಲಿದ್ದಾನೆಂದೂ ತಿಳಿದಿದೆ. ಅವನು ಸಿಕ್ಕಿದ್ದು 1990ರ ದಶಕದಲ್ಲಿ, ಮೊದಲಿಗೆ ಒಬ್ಬ ಕಟುಕನ ರಕ್ತದಲ್ಲಿ. ಅದೇ ವೈರಸ್ಸನ್ನು ಗಾಳಿಯ ಅಂಗಿ ತೊಟ್ಟು ಮುಟ್ಟುವವರು ಅಲ್ಲಿ, ಬರಿಗೈಯಲ್ಲಿ ದರಗು ತುಂಬುವವರು ಇಲ್ಲಿ. ಈ ಅಂತರವನ್ನು ಬರಿಯ ಹಣದ ಲೆಕ್ಕದಲ್ಲಿ ಅಳೆಯಲು ನನಗೆ ಬರುವುದಿಲ್ಲ. ಜ್ವರ ಬಂದವರೆಲ್ಲ ಇಷ್ಟಿಷ್ಟು ರಕ್ತ ಕೊಟ್ಟು ಈ ವಿದ್ಯೆಯನ್ನು ಬೆಳೆಸಿದ್ದಾರೆ. ಅದರ ಬಡ್ಡಿಯಾದರೂ ಅವರಿಗೆ ಬರಬೇಡವೇ?

ಹೋದ ಬಾರಿ ಹೊಸಬಾಳೆಗೆ ಹೋಗಿದ್ದಾಗ ಅತ್ತೆ ಕೇಳಿದಳು:

“ಎಂತದೋ ತಮ್ಮಾ, ನಿಮ್ಮ ಬೆಂಗಳೂರಿನವರು ಹೊಸ ಸೂಜಿ ಯಾವಾಗ ಕಳಿಸ್ತಾರಂತೆ?”

“ಇನ್ನೂ ಪರೀಕ್ಷೆ ಮುಗೀಬೇಕು, ಅತ್ತೆ.”

“ಪರೀಕ್ಷೆ ಮುಗಿಲಿ. ನೋಯದ ಹಾಗೆ ಮಾಡಕ್ಕೆ ಹೇಳು.”

ಅಲ್ಲಿಯವರೆಗೆ ಅವಳಿಗಿರುವುದು ಆರೋಗ್ಯ ಇಲಾಖೆಯವರು ಕೊಡುವ ತೈಲ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳುತ್ತಾಳೆ. ಬಂದೊಡನೆ ಬಚ್ಚಲಿಗೆ ಹೋಗಿ ಬಿಸಿನೀರು ಮೀಯುತ್ತಾಳೆ. ಉಟ್ಟ ಸೀರೆಯನ್ನು ಕುದಿಯುವ ನೀರಿಗೆ ಹಾಕುತ್ತಾಳೆ. ಮಂಗಗಳ ಮೇಲೆ ಅವಳಿಗೆ ಪ್ರೀತಿಯೇನೂ ಇಲ್ಲ. ಬಾಳೆಗೊನೆ ಉಳಿಸುವುದಿಲ್ಲ, ಏಲಕ್ಕಿ ಉಳಿಸುವುದಿಲ್ಲ. ದಿನವೂ ಡಬ್ಬ ಬಡಿದು ಬೈದು ಓಡಿಸುತ್ತಾಳೆ. ಆದರೆ ಬೆಳಗ್ಗೆ ಅವುಗಳ ಸದ್ದು ಕೇಳಿಸದಿದ್ದರೆ ಅಂಗಳಕ್ಕೆ ಬಂದು ಬೆಟ್ಟದ ಕಡೆ ಕಿವಿಗೊಟ್ಟು ನಿಲ್ಲುವುದನ್ನು ನಾನು ನೋಡಿದ್ದೇನೆ.

ಮೊನ್ನೆ ಫೋನು ಮಾಡಿದ್ದಳು. ಬೆಟ್ಟದ ದಾರಿಯಲ್ಲಿ ಒಂದು ಮುಸುವ ಸತ್ತುಬಿದ್ದಿತ್ತಂತೆ. ದನ ಅಟ್ಟಿಕೊಂಡು ಹೋದ ಹುಡುಗರು ಕೋಲಿನಿಂದ ತಿರುವಿ ನೋಡಲು ಹೋದಾಗ ಕೂಗಿ ಹಿಂದಕ್ಕೆ ಕರೆದು, ಆಸ್ಪತ್ರೆಗೆ ತಾನೇ ಸುದ್ದಿ ಮುಟ್ಟಿಸಿದಳಂತೆ. ಅವರು ಬಂದು ಸುತ್ತ ಪುಡಿ ಚೆಲ್ಲಿ, ಬಿಳಿಯ ಬಟ್ಟೆಯನ್ನು ನೆಲದ ಮೇಲೆ ಎಳೆದು ಉಣುಗು ಹಿಡಿದು ಸೀಸೆಗೆ ತುಂಬಿಕೊಂಡು ಹೋಗಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಮನೆಯಿಂದ ಯಾರೂ ದರಗಿಗೆ ಹೋಗಕೂಡದೆಂದು ಅತ್ತೆಯ ಅಪ್ಪಣೆಯಾಗಿದೆ. ಕೊಟ್ಟಿಗೆಗೆ ಸದ್ಯಕ್ಕೆ ಭತ್ತದ ಹುಲ್ಲು ಹಾಸುತ್ತಿದ್ದಾರೆ. ದನಕ್ಕೆ ಮೇವು ಕಡಿಮೆ ಬಿದ್ದೀತು ಎಂದು ಮಾವನ ಗೊಣಗಾಟ ಫೋನಿನಲ್ಲಿ ಹಿಂದಿನಿಂದ ಕೇಳಿಸುತ್ತಿತ್ತು.