ಯಾರೂ ನಡೆದಾಡದ ಊರು

ನಮ್ಮ ಸಂಘದ ಯುವಕ ಯುವತಿಯರೇ, ಐವತ್ತು ದಾಟಿದ ಗೃಹಿಣಿಯೊಬ್ಬಳು ವೀಡಿಯೋ ಗೇಮಿನ ಬಗ್ಗೆ ಬರೆಯುತ್ತಾಳೆಂದರೆ ನೀವು ಪುಟ ತಿರುಗಿಸಿಬಿಡುತ್ತೀರೆಂದು ಬಲ್ಲೆ. ಸ್ವಲ್ಪ ತಾಳಿ. 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' ಎಂಬ ಆಟವನ್ನು ನಿಮ್ಮಲ್ಲಿ ಅನೇಕರಿಗಿಂತ ಹೆಚ್ಚು ಕಾಲ ನಾನು ನೋಡಿದ್ದೇನೆ. 2005ರಲ್ಲಿ ಬಂದ ಇದನ್ನು ಮೊದಲು ನನ್ನ ಹಿರಿಯ ಮಗ ಆಡಿದ. ಈಗ ಬೈಕಿನ ಕನಸು ಕಾಣುವ ಹದಿನೇಳರ ಕಿರಿಯವನು ಅಣ್ಣನ ಹಳೇ ಕಂಪ್ಯೂಟರಿನಲ್ಲಿ ಆಡುತ್ತಾನೆ. ಕೋಪರಿಯ ನಮ್ಮ ಪುಟ್ಟ ಮನೆಯಲ್ಲಿ ಪೊಲೀಸ್ ಸೈರನ್ ಕೇಳದೆ ಚಪಾತಿ ಲಟ್ಟಿಸಿದ ದಿನಗಳು ಕಡಿಮೆ.

ಕಥೆ ರಾಕ್‌ಪೋರ್ಟ್ ಎಂಬ ಕಾಲ್ಪನಿಕ ನಗರದ್ದು. ಹದಿನೈದು ಮಂದಿ ಕುಖ್ಯಾತ ರೇಸುಗಾರರ ಪಟ್ಟಿ. ಕೊನೆಯವನಿಂದ ಶುರುಮಾಡಿ ಒಬ್ಬೊಬ್ಬರನ್ನೇ ಸೋಲಿಸುತ್ತ ಮೇಲೇರಬೇಕು. ಬರೀ ರೇಸು ಗೆದ್ದರೆ ಸಾಲದು, ಪೊಲೀಸರನ್ನೂ ಕಾಡಿರಬೇಕು. ಅವರ ಗಾಡಿ ಜಖಂ ಮಾಡಿದಷ್ಟೂ ನಿಮ್ಮ ತಲೆಯ ಬೆಲೆ ಏರುತ್ತದೆ. ಸರಕಾರಕ್ಕೆ ಎಷ್ಟು ನಷ್ಟವಾಯಿತೆಂಬ ಲೆಕ್ಕವನ್ನೂ ತೋರಿಸುತ್ತಾರೆ! ತೆರಿಗೆ ಕಟ್ಟುವ ನಮ್ಮ ಯಜಮಾನರು ಅದನ್ನು ಕಂಡು ಎದ್ದೇ ಹೋದರು. ಅಡ್ಡ ನಿಲ್ಲುವ ಗಾಡಿಗಳು, ಟಯರು ಸೀಳುವ ಮುಳ್ಳುಪಟ್ಟಿ, ಆಮೇಲೆ ಹೆಲಿಕಾಪ್ಟರ್. ಕಣ್ಣಿಗೆ ಬೀಳದೆ ಸ್ವಲ್ಪ ಹೊತ್ತು ಅಡಗಿದ್ದರೆ ಬೇಟೆ ಮುಗಿಯಿತು. ಕಾರಿನ ಬಣ್ಣ ಬದಲಿಸಿದರೆ ಪೊಲೀಸರ ಸಿಟ್ಟೂ ಇಳಿಯುತ್ತದೆ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನನಗೆ ಅವರ ವಯರ್‌ಲೆಸ್ ಮಾತು ತಲೆಬುಡ ತಿಳಿಯುತ್ತಿರಲಿಲ್ಲ. ಮಗನೇ ಕನ್ನಡದಲ್ಲಿ ಅರ್ಥ ಹೇಳಿದ. ಹೊರಗೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಆಡುವ ಹುಡುಗ ನನ್ನೊಡನೆ ಅಷ್ಟುದ್ದ ಕನ್ನಡ ಮಾತಾಡಿದ್ದು ಆ ಆಟದ ಪುಣ್ಯ.

ಆಟ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಆಡಿದವರೆಲ್ಲ ಕೆಟ್ಟುಹೋಗುತ್ತಾರೆಂಬ ಮಾತನ್ನೂ ಒಪ್ಪುವುದಿಲ್ಲ. ನನ್ನ ಹಿರಿಯವ ಇಂದಿಗೂ ಸಿಗ್ನಲ್ ಮುರಿಯುವವನಲ್ಲ. ಆದರೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿತು. ಆ ರಾಕ್‌ಪೋರ್ಟಿನಲ್ಲಿ ಎಷ್ಟು ಸುತ್ತಿದರೂ ರಸ್ತೆಯಲ್ಲಿ ನಡೆದುಹೋಗುವ ಒಬ್ಬ ಮನುಷ್ಯ ಸಿಗುವುದಿಲ್ಲ. ಕಟ್ಟಡಗಳಿವೆ, ಅಂಗಡಿಗಳಿವೆ, ಎದುರಿನಿಂದ ಬರುವ ವಾಹನಗಳಿವೆ. ರಸ್ತೆ ದಾಟುವ ಮುದುಕಿಯಿಲ್ಲ, ಶಾಲೆಗೆ ಹೋಗುವ ಮಗುವಿಲ್ಲ. ಗುದ್ದಿದರೆ ಕಬ್ಬಿಣಕ್ಕೆ ಕಬ್ಬಿಣ, ಅಷ್ಟೆ.

ನಮ್ಮ ಕಡೆ ಅದಕ್ಕೆ ತೀರ ಹತ್ತಿರದ ರಸ್ತೆಯೆಂದರೆ ನವಿ ಮುಂಬಯಿಯ ಪಾಮ್ ಬೀಚ್ ರೋಡ್. ವಾಶಿಯಿಂದ ಬೇಲಾಪುರದ ತನಕ ಸುಮಾರು 10 ಕಿಲೋಮೀಟರ್, ಬದಿಯಲ್ಲಿ ಖಾಡಿ, ಕಾಂಡ್ಲಾ ಕಾಡು. ರಾತ್ರಿ ಅಲ್ಲಿ ಬೈಕು, ಕಾರುಗಳ ಪೈಪೋಟಿ ನಡೆದ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಇಲ್ಲಿ ಬೆನ್ನಟ್ಟಲು ಹೆಲಿಕಾಪ್ಟರ್ ಬರುವುದಿಲ್ಲ. ಕ್ಯಾಮರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ಚಲನ್ ಅಪ್ಪನ ಮೊಬೈಲಿಗೆ ಬರುತ್ತದೆ. 2019ರ ತಿದ್ದುಪಡಿಯ ಪ್ರಕಾರ ರಸ್ತೆಯಲ್ಲಿ ರೇಸು ಕಟ್ಟಿದರೆ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಇಲ್ಲವೆ ಎರಡೂ. ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧ ಮಾಡಿದರೆ, ತಿಳಿದೂ ಬಿಟ್ಟ ಹೆತ್ತವರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ.

2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗನ ಪೋರ್ಶೆ ಕಾರು ಬೈಕಿಗೆ ಬಡಿದು ಇಬ್ಬರು ಯುವ ಇಂಜಿನಿಯರರು ಸತ್ತರು. ಅವನಿಗೆ ಜಾಮೀನು ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ 300 ಪದಗಳ ಪ್ರಬಂಧವೂ ಒಂದು. ಜನ ರೊಚ್ಚಿಗೆದ್ದ ಮೇಲೆ ಆ ಆದೇಶ ಬದಲಾಯಿತು. ನಾನು ಇಲ್ಲಿ ಆಗಲೇ ಅದಕ್ಕಿಂತ ಹೆಚ್ಚು ಬರೆದಾಯಿತು!

ನನ್ನ ಕಿರಿಯವನಿಗೂ ಹದಿನೇಳೇ. ಕಳೆದ ವಾರ ಸಂಜೆ ಏಳು ಗಂಟೆಗೆ ತರಕಾರಿ ತರಲು ಅವನನ್ನು ಠಾಣೆ ಸ್ಟೇಶನ್ನಿನ ಪೂರ್ವಕ್ಕೆ ಕರೆದುಕೊಂಡು ಹೋದೆ. ಲೋಕಲ್ಲಿನಿಂದ ಇಳಿದ ಜನಜಾತ್ರೆ, ರಿಕ್ಷಾಗಳ ಸಾಲು, ಕೈಗಾಡಿ, ಟ್ಯೂಶನ್ ಮುಗಿಸಿದ ಮಕ್ಕಳು, ಊರುಗೋಲೂರಿ ನಿಂತ ಅಜ್ಜ. "ಇವರನ್ನೆಲ್ಲ ನಿನ್ನ ಆಟದೊಳಗೆ ಬಿಟ್ಟರೆ ಹೇಗಿರ್ತದೋ?" ಎಂದೆ.

ಎರಡೂ ಕೈಯಲ್ಲಿ ಚೀಲ ಹಿಡಿದಿದ್ದ ಅವನು ಸುತ್ತಲೂ ನೋಡಿ ನಕ್ಕ. "ಸೆಕೆಂಡ್ ಗೇರ್ ಹಾಕ್ಲಿಕ್ಕೇ ಆಗ್ಲಿಕ್ಕಿಲ್ಲ ಅಮ್ಮ. ಅದನ್ನು ಯಾರು ಆಡ್ತಾರೆ?"

ಬೈಕಿನ ವಿಷಯ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.